ಉಪ್ಪುಮೀನಿನಡಿಯ ಗುಂಡುಸರ

ಒಣಮೀನಿನ ಮಡಕೆಯ ಮುಚ್ಚಳ ತೆಗೆದರೆ ನನಗೆ ಇವತ್ತಿಗೂ ನಮ್ಮೂರು ಬೆಳಕೆಯ ಆ ಮಧ್ಯಾಹ್ನವೇ ಮೂಗಿಗೆ ಬಡಿಯುತ್ತದೆ.

ನನಗಾಗ ಒಂಬತ್ತು ವರ್ಷ. ಅಜ್ಜಿ ಮನೆಮನೆಗೆ ಮೀನು ಹೊತ್ತು ಮಾರಿ, ವರ್ಷಕ್ಕೊಂದು ಚಿನ್ನದ ಗುಂಡು ಕೊಂಡು ದಾರಕ್ಕೆ ಪೋಣಿಸುತ್ತಿದ್ದಳು. ಕಳ್ಳರು ಕೈ ಹಾಕಬಾರದೆಂದು ಸರವನ್ನು ಉಪ್ಪುಮೀನಿನಡಿ ಹುಗಿದಿಡುತ್ತಿದ್ದಳು. ಆ ಜಾಗ ಅವಳ ಮಗನಿಗೆ, ಅಂದರೆ ನನ್ನ ಅಪ್ಪನಿಗೆ ಮಾತ್ರ ಗೊತ್ತಿತ್ತು.

ಆ ದಿನ ಅಜ್ಜಿ ಮಂಡಿ ಹಿಡಿದುಕೊಂಡು ಕುಕ್ಕರಿಸಿದಳು.

"ಆತು, ಇನ್ನು ನನ್ನ ಕೈಲಿ ಹೊರೂಕೆ ಆಗೂದಿಲ್ಲ. ಗುಂಡು ಮಾರ್ಕಂಡು ಕೂತು ಉಣ್ತೆ."

ಮಡಕೆಯಿಂದ ತೆಗೆದ ಸರ ಹಸಿರು ಹಿಡಿದಿತ್ತು. ಚಿನ್ನ ಹಸಿರಾಗುವುದಿಲ್ಲ. ಯಾರೋ ಹಿತ್ತಾಳೆ ಗುಂಡು ಪೋಣಿಸಿಟ್ಟಿದ್ದರು. ಉಪ್ಪು ಹಿತ್ತಾಳೆಯನ್ನು ಬಿಡುವುದಿಲ್ಲವೆಂದು ಮೀನು ಮಾರುವವಳ ಮಗನಿಗೆ ಹೊಳೆದಿರಲಿಲ್ಲ.

ಅಪ್ಪ ಜಗಲಿಯಲ್ಲಿ ಹೊಸ ರೇಡಿಯೋ ಹಚ್ಚಿಕೊಂಡು ಕೂತಿದ್ದ. ಕೇರಿಗೇ ಮೊದಲ ರೇಡಿಯೋ ನಮ್ಮದೆಂದು ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

"ಎಂತ ಮಾಡ್ದೆ ಮಾರಾಯ?" ಅಜ್ಜಿ ಸರ ಎತ್ತಿ ಹಿಡಿದಳು.

ಅಪ್ಪ ತಲೆ ಎತ್ತಲಿಲ್ಲ. "ನಾ ಇಲ್ವಾ ಅಬ್ಬೆ? ನಿಂಗೆ ಗಂಜಿ ಹಾಕೂದಿಲ್ವಾ?"

"ನಿನ್ನ ಹತ್ರ ಗಂಜಿ ಕೇಳೂದು ಬ್ಯಾಡ ಅಂತ್ಲೇ ನಾ ಇಷ್ಟು ವರ್ಷ ಹೊತ್ತದ್ದು."

ಅಪ್ಪ ರೇಡಿಯೋದ ಕಿವಿ ತಿರುಗಿಸಿ ಸದ್ದು ಜೋರು ಮಾಡಿದ.