ಕೇಳಿ ಹಿಡಿದ ನಡಿಗೆ

ಒಂದಾನೊಂದು ಕಾಲದಲ್ಲಿ ರಾಜಕುಮಾರಿಯೊಬ್ಬಳು ಕುದುರೆ ಕೊಳ್ಳಲು ಹೋದಳಂತೆ; ಆದರೆ ಶೀತಲಳ ಅಜ್ಜಿ ಹೇಳುತ್ತಿದ್ದ ಆ ಕಥೆಯಲ್ಲಿ ಕುದುರೆಯ ಒಡೆಯ ಹೀಗೆ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದಿರಲಿಲ್ಲ.

“ಕೇಳದ ಹಿಡೀತಿಯೇನವ್ವಾ? ಹ್ವಾದ ವರ್ಷ ಒಬ್ಬಾಂವ ಹಿಂಗ ಹಿಡಕೊಂಡು ಹೋಗಿ, ಅವ್ವಣ್ಣನ ಕುದುರಿ ಕುಂಟತದ ಅಂತ ಪುಣೆ ತುಂಬ ತೋರಿಸಿದ,” ಎಂದ ಶಿರೂರಿನ ಅವ್ವಣ್ಣ.

ಶೀತಲ ಕ್ಯಾಮೆರಾ ಇಳಿಸಿದಳು. ಮದುವೆ ಮೆರವಣಿಗೆಗೆ ಕುದುರೆ ಕೊಡುವ ಅವಳ ಅಪ್ಪ ಪುಣೆಯಲ್ಲಿ ಕಾಮಾಲೆಯಾಗಿ ಮಲಗಿದ್ದ. ನಡಿಗೆ ನೋಡದೆ ಅವನು ಕುದುರೆ ಕೊಳ್ಳುವವನಲ್ಲ. ಅದನ್ನು ವಿಡಿಯೊ ಟೇಪಿನಲ್ಲಿ ತರುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. “ತಪ್ಪಾತ್ರಿ ಕಾಕಾ. ಹಿಡದದ್ದನ್ನ ಮೊದಲು ನೀವ ನೋಡ್ರಿ. ಬ್ಯಾಡಂದ್ರ ಟೇಪ್ ನಿಮ್ಮ ಕೈಯಾಗ ಕೊಟ್ಟು ಹೋಗ್ತೀನಿ.”

ಅವ್ವಣ್ಣ ಬಿಳಿ ಕುದುರೆಯನ್ನು ಡಾಂಬರು ರಸ್ತೆಯ ಮೇಲೆ ನಡೆಸಿದ. ಶೀತಲ ಗೊರಸುಗಳನ್ನಷ್ಟೇ ಹಿಡಿದಳು.

“ಮಾರಿ ಬ್ಯಾಡೇನು? ಭಾಳ ಚಂದ ಅದ,” ಎಂದು ಅವ್ವಣ್ಣ ಕುದುರೆಯ ಮುಖ ಸವರಿದ.

“ಮಾರಿ ನೋಡಿ ವರನ್ನ ಆರಸ್ತಾರ್ರಿ, ಕುದುರೀನ ಅಲ್ಲ.”

ಅವನು ನಕ್ಕ. ಆದರೆ ಪುಟ್ಟ ಪರದೆಯಲ್ಲಿ ನಡಿಗೆ ನೋಡುತ್ತಿದ್ದಂತೆ ನಗು ನಿಂತಿತು. ಹಿಂದಿನ ಎಡಗಾಲು ಪೂರ್ತಿ ಊರುವ ಮೊದಲೇ ಏಳುತ್ತಿತ್ತು. ಅವನು ಮತ್ತೊಮ್ಮೆ ಹಾಕಿಸಿ ನೋಡಿದ. ಶೀತಲ ತಾನು ಹೇಳಿದಂತೆಯೇ ಟೇಪು ತೆಗೆದು ಅವನ ಮುಂದೆ ಚಾಚಿದಳು.

ಅವ್ವಣ್ಣ ಅದನ್ನು ಮುಟ್ಟಲಿಲ್ಲ. “ತಿರಗಿ ಹಾಕವ್ವಾ. ಈ ಕುದುರಿ ಮ್ಯಾಲೆ ಮದುಮಗ ಕೂಡ್ತಾನ, ಎಡವಿದ್ರ ಹೆಂಗ? ಸಮೀಪ ಬಂದು ಆ ಕಾಲು ಸರಿಯಾಗಿ ಹಿಡಿ, ನಿಮ್ಮಪ್ಪಗ ಎಲ್ಲಾ ಕಾಣಲಿ.”

ಶೀತಲ ರಸ್ತೆಯಲ್ಲೇ ಮಂಡಿಯೂರಿದಳು. ಅವ್ವಣ್ಣ ಕುದುರೆಯನ್ನು ಅವಳೆದುರು ನಿಧಾನವಾಗಿ ನಡೆಸಿದ. ಅಪ್ಪ ನೋಡಬೇಕಾದ ನಡಿಗೆ ಈಗ ಪೂರ್ತಿಯಾಗಿ ಟೇಪಿನಲ್ಲಿತ್ತು.