ಹನ್ನೆರಡು ಟನ್ನಿನ ಬಂಡಿ

ಬಂಡಿಗೆ ಹೊದಿಸಿದ್ದ ಟಾರ್ಪಾಲಿನ ಅಂಚಿಗೆ ಅಣ್ಣ ಕೈ ಹಾಕಿದ್ದೇ ತಡ, ತಮ್ಮ ಅಡ್ಡ ಬಂದ.

“ಬಿಚ್ಚೋ ಹಾಗಿಲ್ಲ. ಎಳೆದು ತೋರ್ಸು.”

“ಒಳಗೇನಿದೆ ಅಂತ ನೋಡ್ಬಾರ್ದಾ?”

“ಮಾತಾಡ್ಕೊಂಡಿದ್ದೇ ಇದೆ. ಮರಳು, ಹನ್ನೆರಡು ಟನ್. ನನ್ ಮೇಲೆ ನಂಬಿಕೆ ಇಲ್ವಾ?”

ಇರಲಿಲ್ಲ. ಮೂರು ತಿಂಗಳ ಹಿಂದೆ ಜಗಳದ ಭರದಲ್ಲಿ, ಅಪ್ಪ ಬಿಟ್ಟುಹೋದ ಉಗಿ ಎಂಜಿನ್ನನ್ನು ಗುಜರಿಗೆ ಹಾಕುತ್ತೇನೆ ಎಂದವನು ಇವನೇ. ಅಂದಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ. ಕೊನೆಗೆ ಅಕ್ಕ ನಡುವೆ ನಿಂತು ತೀರ್ಮಾನ ಹೇಳಿದಳು: ಎಂಜಿನ್ನು ಹನ್ನೆರಡು ಟನ್ ಹೇರಿದ ಬಂಡಿಯನ್ನು ಮೈದಾನದ ಆ ತುದಿಗೆ ಎಳೆದರೆ ಅದು ಅಣ್ಣನದು, ಇಲ್ಲವಾದರೆ ಗುಜರಿಗೆ.

ಭಾರ ಹೇರುವ ಕೆಲಸವನ್ನು ತಮ್ಮ ತಾನೇ ಕೇಳಿ ಪಡೆದ. ಕೂಲಿಯವರನ್ನು ಹತ್ತಿರ ಸೇರಿಸಲಿಲ್ಲ. ತಿಂಡಿಯ ಹೊತ್ತಿಗೆಲ್ಲ ನಲವತ್ತು ಪೀಪಾಯಿಗಳನ್ನೂ ಒಬ್ಬನೇ ಬಂಡಿಗೇರಿಸಿ ಮುಚ್ಚಿಬಿಟ್ಟಿದ್ದ. ಹುಳುಕಿಲ್ಲದವನಿಗೆ ಇಷ್ಟು ಗುಟ್ಟೇಕೆ? ಮರಳಿನ ಹೆಸರಲ್ಲಿ ಕಬ್ಬಿಣ ತುಂಬಿದ್ದಾನೆ, ಇಪ್ಪತ್ತು ಟನ್ನಿಗೆ ಕಡಿಮೆಯಿಲ್ಲ ಎಂದುಕೊಂಡ ಅಣ್ಣ. ಒಡಹುಟ್ಟಿದವನೇ ಬೆನ್ನಿಗೆ ಚೂರಿ ಹಾಕಿದನಲ್ಲ!

ಒಂದು ಕಾಲದಲ್ಲಿ ಇದೇ ಎಂಜಿನ್ನು ಕೆಸರಲ್ಲಿ ಹೂತ ಎರಡು ಲಾರಿಗಳನ್ನು ಒಟ್ಟಿಗೆ ಎಳೆದುಹಾಕಿತ್ತು. ಈಗ ಬಾಯ್ಲರಿಗೆ ವಯಸ್ಸಾಗಿದೆ. ಹನ್ನೆರಡು ಎಳೆದೀತು. ಇಪ್ಪತ್ತಕ್ಕೆ ಉಗಿ ಸಾಲದು.

ಬಾಯ್ಲರಿನ ನೆತ್ತಿಯ ಮೇಲೊಂದು ಸುರಕ್ಷಾ ಕವಾಟ. ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಉಗಿ ಬಿಡುತ್ತದೆ. ಅಪ್ಪ ಯಾರನ್ನೂ ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಅಣ್ಣ ಅದು ತೆರೆಯದಂತೆ ತಂತಿ ಸುತ್ತಿ ಬಿಗಿದ. ಮೋಸಕ್ಕೆ ಮೋಸ.

ಕಲ್ಲಿದ್ದಲು ಸುರಿದ. ಮಾಪಕದ ಮುಳ್ಳು ಕೆಂಪು ಗೆರೆ ದಾಟಿತು.

“ಅಷ್ಟೆಲ್ಲಾ ಉಗಿ ಬೇಡ ಅಣ್ಣಾ! ಸಾಕು, ಹೊರಡು!” ತಮ್ಮ ಕೂಗಿದ.

“ಯಾಕೆ, ಗೆದ್ಬಿಡ್ತೀನಿ ಅಂತ ಭಯಾನಾ?”

ಒಂದೇ ಸದ್ದು. ಬಾಯ್ಲರಿನ ಪಕ್ಕೆ ಸೀಳಿತು. ನೆರೆದವರು ದಿಕ್ಕಾಪಾಲಾದರು. ಉಗಿ ಚದುರಿದಾಗ ಅಪ್ಪನ ಎಂಜಿನ್ನು ಹರಿದ ತಗಡಾಗಿತ್ತು. ಅಣ್ಣನ ಎಡಗೈ ಮೊಣಕೈವರೆಗೆ ಬೆಂದಿತ್ತು.

ಹಿಡಿಯಬಂದ ಅಕ್ಕನನ್ನು ತಳ್ಳಿ ಅವನು ಬಂಡಿಯತ್ತ ಓಡಿದ. “ನೋಡಿ ಎಲ್ರೂ, ಇವನ ಮೋಸಾನ!” ಬಲಗೈಯಿಂದ ಟಾರ್ಪಾಲು ಕಿತ್ತೆಸೆದು, ಬಂಡಿ ಹತ್ತಿ ಮೊದಲ ಪೀಪಾಯಿಗೆ ಜಾಡಿಸಿ ಒದ್ದ.

ಅದು ಡಣಡಣ ಸದ್ದು ಮಾಡುತ್ತ ಉರುಳಿಕೊಂಡು ಹೋಯಿತು. ಎರಡನೆಯದೂ, ಮೂರನೆಯದೂ. ನಲವತ್ತೂ ಖಾಲಿ.

“ಗುಜರಿಗೆ ಹಾಕ್ತೀನಿ ಅಂದ್ಬಿಟ್ಟಿದ್ದೆ, ಆಡಿದ್ ಮಾತು ನುಂಗೋಕಾಗ್ಲಿಲ್ಲ,” ತಮ್ಮ ಅಳುತ್ತಿದ್ದ. “ನೀನೇ ಗೆಲ್ಬೇಕು ಅಂತ ಹೀಗ್ ಮಾಡ್ದೆ ಅಣ್ಣಾ.”