ಪರದೆಯ ಹಿಂದಿನ ಫೋಟೊ

ನೆಗೆಟಿವ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದ ಗೌರಾಬಾಯಿಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಸೆರಗಿಲ್ಲದೆ ನಿಂತ ಹೆಣ್ಣು, ಅರ್ಧ ಸೀರೆ ನೆಲದ ಮೇಲೆ, ಮಂಡಿಯವರೆಗೆ ಇಳಿದ ಜಡೆ. ನೆಗೆಟಿವ್‌ನಲ್ಲಿ ಜಡೆ ಬೆಳ್ಳಗೆ, ಮುಖ ಕಪ್ಪಗೆ ಕಾಣುತ್ತದೆ. ಬೇರೆಯವರು ನೋಡಿದ್ದರೆ ದೆವ್ವ ಅನ್ನುತ್ತಿದ್ದರು. ಆದರೆ ಜೇವರ್ಗಿಯಲ್ಲಿ ಗಂಡನ ಫೋಟೊ ಸ್ಟುಡಿಯೊದಲ್ಲಿ ಹನ್ನೊಂದು ವರ್ಷ ಕೂತು, ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ಲಿನಿಂದ ಊರ ಹುಡುಗಿಯರ ಮೊಡವೆ, ಸಿಡುಬಿನ ಕಲೆ ತಿದ್ದಿದವಳು ಆಕೆ. ಇದು ಯಾರೆಂದು ಆಕೆಗೆ ಯಾರೂ ಹೇಳಬೇಕಿರಲಿಲ್ಲ. ದ್ರೌಪದಿ! ಸರಸಂಬಾದಿಂದ ಬಂದು ಇಲ್ಲಿ ಹೊಲಿಗೆ ಕಲಿಸುವ ಟೀಚರು.

ಅದಕ್ಕೇ ಮತ್ತೆ! ವರನ ಕಡೆಯವರಿಗೆ ಕಳಿಸಲೆಂದು ಒಂದೇ ಒಂದು ಫೋಟೊ ತೆಗೆಸಿಕೊಂಡವಳು ತಿಂಗಳಲ್ಲಿ ನಾಲ್ಕು ಸಲ ಯಾಕೆ ಬರಬೇಕು? ಬಂದಾಗಲೆಲ್ಲ ಗಂಡ "ನೀ ಒಳಗ ಹೋಗಿ ಚಹಾ ಮಾಡು" ಅನ್ನುವುದೇತಕ್ಕೆ? ತನಗೆ ಒಂದು ದಿನವೂ "ಛಲೋ ಕಾಣ್ತಿ" ಅನ್ನದ ಮನುಷ್ಯ ಆ ಜಡೆಯ ಮೇಲೆ ಬೆಳಕು ಬೀಳಿಸಲು ಅರ್ಧ ತಾಸು ದೀಪ ಸರಿಸಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ತನ್ನ ಕೂದಲೋ, ಎರಡನೇ ಬಾಣಂತನದಲ್ಲೇ ಉದುರಿ ಇಲಿಬಾಲವಾಗಿತ್ತು. ಗಂಡ ಯಾರದೋ ಮದುವೆಯ ಫೋಟೊ ತೆಗೆಯಲು ಗುಲಬರ್ಗಾಕ್ಕೆ ಹೋಗಿದ್ದ. ನೆಗೆಟಿವ್ ಸಿಕ್ಕಿದ್ದು ಗೂಟಕ್ಕೆ ತೂಗುಹಾಕಿದ್ದ ಅವನ ಕೋಟಿನ ಒಳಜೇಬಿನಲ್ಲಿ. ಅದನ್ನು ಕುಪ್ಪಸದೊಳಗೆ ತುರುಕಿಕೊಂಡು, ಸ್ಟುಡಿಯೊಕ್ಕೆ ಬೀಗ ಜಡಿದು ಹೊರಟೇಬಿಟ್ಟಳು.

ದ್ರೌಪದಿ ಹೊಲಿಗೆ ಕೋಣೆಯಲ್ಲಿ ಒಬ್ಬಳೇ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು.

"ಏನ ಬೇ, ನಾಚಿಕಿ ಮಾರ್ಕೊಂಡು ತಿಂದಿ ಏನು? ನಿನಗ ನನ್ನ ಗಂಡನೇ ಸಿಕ್ಕನೇನು?" ಗೌರಾಬಾಯಿ ಬಾಗಿಲಲ್ಲೇ ಶುರು ಮಾಡಿ, ನೆಗೆಟಿವ್ ತೆಗೆದು ಅವಳ ಮುಖಕ್ಕೆ ಹಿಡಿದಳು.

ಹುಡುಗಿ ಜಗಳಕ್ಕೆ ನಿಲ್ಲಲಿಲ್ಲ. ಎರಡೂ ಕೈ ಚಾಚಿ ಓಡಿಬಂದಳು. "ನಿಮ್ಮ ಕೈಯಾಗ ಕೊಟ್ಟು ಕಳಿಸ್ಯಾರೇನ್ರೀ ಅಕ್ಕಾ? ನಾಲ್ಕು ಸಲ ಬಂದು ಇದರ ಸಲುವಾಗೇ ಅವರ ಕಾಲು ಹಿಡದೇನ್ರಿ!"

"ನಾಟಕ ಬ್ಯಾಡ. ಯಾರೂ ಕೊಟ್ಟು ಕಳಿಸಿಲ್ಲ."

ದ್ರೌಪದಿ ಚಾಚಿದ ಕೈ ಹಿಂದೆಗೆದಳು. "ಸೀರಿ ಬದಲಿ ಮಾಡ್ಲಾಕ ಪರದಿ ಹಿಂದ ಹೋಗಿದ್ದೆರಿ. ಯಾವಾಗ ತೆಗೆದ್ರೋ ನನಗ ಗೊತ್ತೇ ಇಲ್ಲ. ಈಗ ಐತವಾರ ಒಬ್ಬಾಕಿನೇ ಬಾ ಅಂತಾರ. ಬರಲಿಲ್ಲಂದ್ರ ಅಫಜಲಪುರಕ್ಕ, ವರನ ಮನಿಗೇ ಇದನ್ನ ಕಳಸ್ತಾರಂತ. ವಕೀಲ ಗೌಸಮೊಹಿದ್ದೀನ ಸಾಹೇಬರಿಗೆ ಕೇಳಿದೆ. ಹೆಣ್ಮಕ್ಕಳ ಮಾನಕ್ಕ ಕೈ ಹಚ್ಚಿದವರಿಗೆ ಕಾಯ್ದೆ ಅದ, ಜೈಲೂ ಅದ, ಪುರಾವೆ ತಗೊಂಡು ಬಾ ಅಂದ್ರು. ಪುರಾವೆ ಅವರ ಜೇಬಿನ್ಯಾಗ ಇದ್ರ ನಾ ಎಲ್ಲಿಂದ ತರಲ್ರಿ?"

"ಸುಳ್ಳು!" ಅಂದಳು ಗೌರಾಬಾಯಿ. ಅಂದರೂ, ನೆಗೆಟಿವ್ ಅನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಈ ಸಲ ನೋಡಿದ್ದು ಹನ್ನೊಂದು ವರ್ಷ ಪೆನ್ಸಿಲ್ಲು ಹಿಡಿದವಳ ಕಣ್ಣು. ಫೋಟೊ ತೆಗೆಯುತ್ತಾರೆ ಎಂದು ಗೊತ್ತಿದ್ದವರು ಉಸಿರು ಬಿಗಿಹಿಡಿದು ನೆಟ್ಟಗೆ ನಿಲ್ಲುತ್ತಾರೆ. ಇವಳೋ ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು, ತಲೆ ಬಗ್ಗಿಸಿ ನೆರಿಗೆ ಎಣಿಸುತ್ತಿದ್ದಾಳೆ! ಚಿತ್ರದ ಒಂದು ಬದಿಗೆ ಉದ್ದಕ್ಕೂ ಮಸುಕಾದ ಪಟ್ಟಿ. ಅದು ಹಲಗೆಯ ಅಂಚು. ಪರದೆಯ ಕೋಣೆಗೂ ಗಂಡ ಫೋಟೊ ತೊಳೆಯುವ ಕತ್ತಲೆ ಕೋಣೆಗೂ ನಡುವಿನ ಆ ಹಲಗೆ ಬಿರುಕು ಬಿಟ್ಟಿದ್ದು, ಬಡಿಗನನ್ನು ಕರೆಸಿರೆಂದು ತಾನೇ ಹತ್ತು ಸಲ ಹೇಳಿದ್ದು, "ಇರಲಿ ಬಿಡು" ಎಂದು ಅವನು ಅಂದದ್ದು, ಎಲ್ಲ ನೆನಪಾಯಿತು. ಹೊಟ್ಟೆಕಿಚ್ಚಿನಲ್ಲಿ ಆಕೆಗೆ ಜಡೆ ಕಂಡಿತ್ತೇ ಹೊರತು ಪಿನ್ನು ಕಂಡಿರಲಿಲ್ಲ.

ಹಾಗಂತ ಕಿಚ್ಚು ಆರಿತೇ? ಎಲ್ಲಿಯ ಮಾತು! ತಾನು ಅಡುಗೆಮನೆಯಲ್ಲಿ ಚಹಾ ಕುದಿಸುವಾಗ ಗಂಡನ ಕಣ್ಣು ಆ ಬಿರುಕಿನಲ್ಲಿತ್ತಲ್ಲ ಎಂದು ಇನ್ನಷ್ಟು ಉರಿಯಿತು. ಎದುರು ನಿಂತವಳ ಜಡೆ ನೋಡಿದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತಿತ್ತು.

"ಕೊಡ್ರಿ ಅಕ್ಕಾ, ಈಗಿಂದೀಗ ಸುಟ್ಟು ಬಿಡ್ತೇನಿ," ದ್ರೌಪದಿ ಅಂಗಲಾಚಿದಳು.

"ಸುಟ್ರ ಪುರಾವೆ ಎಲ್ಲಿ ಉಳೀತದ? ಅವ ನಾಳಿಗೆ ಇನ್ನೊಬ್ಬಾಕೀದು ತೆಗೀತಾನ. ಕಣ್ಣು ಒರಸ್ಕೋ. ನಡಿ."

ಠಾಣೆಯಲ್ಲಿ ಹವಾಲ್ದಾರ ದತ್ತಪ್ಪ ದ್ರೌಪದಿ ಹೇಳಿದ್ದನ್ನೆಲ್ಲ ಬರೆದುಕೊಂಡ. ಆಮೇಲೆ ನೆಗೆಟಿವ್ ಅನ್ನು ಲಕೋಟೆಯಲ್ಲಿ ಹಾಕಿ ಪಕ್ಕಕ್ಕಿಟ್ಟು ಗೌರಾಬಾಯಿಯತ್ತ ತಿರುಗಿದ. "ಇದು ಯಾರ ಹತ್ರ ಸಿಕ್ತು? ಸಾಕ್ಷಿ ನೀವು, ನಿಮ್ಮ ಬಾಯಿಂದಾನೇ ಅವರ ಹೆಸರು ಹೇಳ್ರಿ."

"ನಮ್ಮವರ ಕೋಟಿನ್ಯಾಗ್ರಿ," ಅಂದಳು ಆಕೆ. ಮದುವೆಯಾದಂದಿನಿಂದ "ನಮ್ಮವರು", "ಇವರು" ಎಂದೇ ನಡೆದುಬಂದಿತ್ತು. ಗಂಡನ ಹೆಸರು ನಾಲಿಗೆಯ ಮೇಲೆ ಬಂದಿದ್ದರೆ ಅದು ತೊಟ್ಟಿಲ ಕಾರ್ಯಕ್ಕೋ ಸೀಮಂತಕ್ಕೋ ಹೆಂಗಸರು ಬಾಗಿಲು ಅಡ್ಡಗಟ್ಟಿ ಕಾಡಿದಾಗ, ಹಾಡಿನಂಥ ಎರಡು ಸಾಲಿನ ಒಡಪಿನೊಳಗೆ ಪೋಣಿಸಿ, ನಾಚಿಕೊಂಡು, ಅಷ್ಟೆ.

ದತ್ತಪ್ಪನೂ ಇದೇ ಊರಿನವನು. ಅವನಿಗೆ ಅರ್ಥವಾಯಿತು. "ಇರ್ಲಿ ತಗೋರಿ ತಂಗಿ, ಹೆಣ್ಮಕ್ಕಳು ಗಂಡನ ಹೆಸರು ಹ್ಯಾಂಗ ಹೇಳ್ತೀರಿ. ಮನಿಗೆ ಹೋಗಿ ವಿಚಾರ ಮಾಡ್ರಿ. ಬೇಕಂದ್ರ ನಾಳಿಗೆ ಬರ್ರಿ." ದ್ರೌಪದಿ ಆಕೆಯ ಮುಖವನ್ನೇ ನೋಡುತ್ತಿದ್ದಳು.

"ನಾಳಿಗೆ ಬ್ಯಾಡ್ರಿ," ಗೌರಾಬಾಯಿ ಸೆರಗು ಬಿಗಿದುಕೊಂಡಳು. "ಒಡಪು ಹಾಕೂದಿಲ್ಲ, ಬರೀ ಹೆಸರು ಹೇಳ್ತೇನಿ, ಬರ್ಕೋರಿ. ದೌಲತರಾಯ. ತಂದಿ ಹೆಸರು ಹಣಮಂತರಾಯ."

ದತ್ತಪ್ಪನ ಪೆನ್ನು ಅಲುಗಲಿಲ್ಲ. ಆಕೆ ಇನ್ನೊಮ್ಮೆ ಹೇಳಿದಳು, ಈ ಸಲ ಹೊರಗಿನ ಕಟ್ಟೆಯ ಮೇಲೆ ಕೂತವರಿಗೂ ಕೇಳುವಂತೆ.